ಮಡಿಕೇರಿಯಲ್ಲಿ ಎಷ್ಟು ಜನರಿದ್ದಾರೆ?

2011ರ ಜನಗಣತಿಯ ಪ್ರಕಾರ ಮಡಿಕೇರಿಯ ಜನಸಂಖ್ಯೆ 33,381. ಬಿಡಿಸ್ಥಾನದವರೆಗೂ ಇಷ್ಟು ಖಚಿತವಾಗಿರುವ ಅಂಕಿಯನ್ನು ಅನುಮಾನಿಸುವುದು ಸುಲಭವಲ್ಲ. ಆದರೂ ವಿಜಯದಶಮಿಯ ರಾತ್ರಿ ದಸರೆಯ ದಶಮಂಟಪಗಳ ಮೆರವಣಿಗೆಯ ದಾರಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರಿಗೆ ಅದು ತೀರ ಕಡಿಮೆಯೆನಿಸಿದರೆ, ಜುಲೈ ತಿಂಗಳ ಸಂಜೆಮಳೆಯಲ್ಲಿ ಮಹದೇವಪೇಟೆಯ ಅಂಗಡಿ ತೆರೆದು ಗಿರಾಕಿಯ ದಾರಿ ಕಾಯುವವರಿಗೆ ತೀರ ಹೆಚ್ಚೆನಿಸುತ್ತದೆ.

ಈ ಜನರನ್ನು ಆಳುವುದಕ್ಕೆ ನಗರಸಭೆಯಿದೆ. ಆಳುವುದು ಎನ್ನುವುದು ದೊಡ್ಡ ಮಾತಾಯಿತು. ನೀರು ಬಿಡುವುದಕ್ಕೆ, ಕಸ ಎತ್ತುವುದಕ್ಕೆ, ಬೀದಿದೀಪ ಉರಿಸುವುದಕ್ಕೆ, ಕಂದಾಯ ಕಟ್ಟಿಸಿಕೊಳ್ಳುವುದಕ್ಕೆ ಎಂದರೆ ಸರಿಹೋಗುತ್ತದೆ. ಕರ್ನಾಟಕ ಪುರಸಭೆಗಳ ಕಾಯ್ದೆಯ ಸಾಮಾನ್ಯ ಅಳತೆಯಂತೆ 20,000ದಿಂದ 50,000ದವರೆಗೆ ಜನರಿರುವ ಊರಿಗೆ ಪುರಸಭೆ, ಅದಕ್ಕೆ ಮೇಲ್ಪಟ್ಟ ಊರಿಗೆ ನಗರಸಭೆ. ಜನರ ತಲೆ ಎಣಿಸಿದರೆ ನಮಗೆ ಪುರಸಭೆಯೇ ಸಾಕು. ಜಿಲ್ಲಾ ಕೇಂದ್ರದ ಕಚೇರಿಗೆ ಮಾತ್ರ ನಗರಸಭೆಯ ಫಲಕವಿದೆ, ಒಳಗೆ ಮುಖ್ಯಾಧಿಕಾರಿಯ ಬದಲು ಪೌರಾಯುಕ್ತರು ಕುಳಿತುಕೊಳ್ಳುತ್ತಾರೆ.

ವಾರ್ಡುಗಳು 23. ಭಾಗಿಸಿ ನೋಡಿದರೆ ಒಬ್ಬ ಸದಸ್ಯರಿಗೆ ಸುಮಾರು 1,450 ಜನ ಬರುತ್ತಾರೆ. ಅದೇ 2011ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಯ 198 ವಾರ್ಡುಗಳಿಗೆ 84 ಲಕ್ಷಕ್ಕೂ ಮೀರಿದ ಜನರಿದ್ದುದರಿಂದ ಅಲ್ಲಿನ ಒಂದು ವಾರ್ಡಿನ ಸರಾಸರಿ 42,000ವನ್ನು ದಾಟುತ್ತದೆ. ಎಂದರೆ ಕೋಟೆ, ರಾಜಾಸೀಟು, ಓಂಕಾರೇಶ್ವರ ದೇವಸ್ಥಾನಗಳನ್ನೆಲ್ಲ ಸೇರಿಸಿಕೊಂಡ ನಮ್ಮ ಇಡೀ ಊರು ಅಲ್ಲಿನ ಒಬ್ಬ ಕಾರ್ಪೊರೇಟರಿಗೂ ಸಾಲುವುದಿಲ್ಲ. ಇನ್ನೊಂದು ಲೆಕ್ಕ ಇದಕ್ಕಿಂತ ಸ್ವಾರಸ್ಯವಾದದ್ದು. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಿಂದ 1956ರವರೆಗೆ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾಗಿದ್ದ ವಿಧಾನಸಭೆಯಲ್ಲಿ ಇದ್ದದ್ದು 24 ಸ್ಥಾನ. ಅಂದು ಭಾಗಮಂಡಲದಿಂದ ಕುಶಾಲನಗರದವರೆಗಿನ ರಾಜ್ಯಕ್ಕೆ ಬೇಕಾದಷ್ಟು ಪ್ರತಿನಿಧಿಗಳು, ಒಬ್ಬರು ಕಡಿಮೆಯಾಗಿ, ಇಂದು ಒಂದು ಪಟ್ಟಣಕ್ಕಿದ್ದಾರೆ.

ಇಷ್ಟು ಹತ್ತಿರದ ಪ್ರತಿನಿಧಿಯಾಗುವುದು ಸುಖದ ಕೆಲಸವಲ್ಲ. ಸಂಸದರನ್ನು ಬಯ್ಯಬೇಕಾದರೆ ಪತ್ರಿಕೆಗೆ ಪತ್ರ ಬರೆಯಬೇಕು. ವಾರ್ಡಿನ ಮೆಂಬರನ್ನು ಬಯ್ಯಲು ಹಾಲು ತರಲು ಹೊರಟರೆ ಸಾಕು. "ಅಣ್ಣಾ, ನಮ್ಮ ಲೈನಿಗೆ ಎರಡು ದಿನದಿಂದ ನೀರಿಲ್ಲ" ಎಂಬ ಮಾತು ಮದುವೆಯ ಊಟದ ಪಂಕ್ತಿಯಲ್ಲಿ, ಪಾಂಡಿಕರಿ ಬಡಿಸುವವರು ಮುಂದಿನ ಎಲೆಗೆ ಹೋಗುವಷ್ಟರಲ್ಲಿ ಬಂದುಬಿಡುತ್ತದೆ. ನಗರಸಭೆಯ ಅಧ್ಯಕ್ಷರ ಅವಧಿಯಾದರೋ ಬಹಳ ವರ್ಷಗಳ ಕಾಲ ಬರಿಯ 30 ತಿಂಗಳು. ಆ ಸ್ಥಾನದ ಮೀಸಲಾತಿಯ ಪಟ್ಟಿ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಗೆದ್ದ ಸದಸ್ಯರು ಅಧ್ಯಕ್ಷರಿಲ್ಲದೆಯೇ ದಿನ ಕಳೆಯಬೇಕಾಗುತ್ತದೆ, ಆಗ ಆಡಳಿತಾಧಿಕಾರಿಗಳೇ ಎಲ್ಲವೂ. ಆ ಕಾಲದಲ್ಲೂ ನಲ್ಲಿಯ ದೂರು ಬರುವುದು ಮೆಂಬರ ಮನೆಗೇ.

ಇನ್ನು ಜನಸಂಖ್ಯೆ. ಇಲ್ಲಿ ವಾಸವಿದ್ದಾರೆಂದು ಎಣಿಸಿಕೊಂಡವರೂ ಇಲ್ಲಿನ ನೀರು ಕುಡಿಯುವವರೂ ಬೇರೆ ಬೇರೆ ಗುಂಪಿನವರು ಎಂಬುದು ನನ್ನ ಬಹುಕಾಲದ ಅನುಮಾನ. ಶುಕ್ರವಾರದ ಸಂತೆಗೆ ಸುತ್ತಲಿನ ಗ್ರಾಮಗಳವರು, ತೋಟದ ಲೈನುಮನೆಗಳಲ್ಲಿರುವ ಕಾರ್ಮಿಕರು ಬರುತ್ತಾರೆ. ಜಿಲ್ಲಾಧಿಕಾರಿಗಳ ಕಚೇರಿಗೆ, ನ್ಯಾಯಾಲಯಕ್ಕೆ, ಆಸ್ಪತ್ರೆಗೆ, ಕಾಲೇಜಿಗೆ ಬರುವವರಿಗೆ ವಾರದ ದಿನಗಳೆಲ್ಲ ಒಂದೇ. ಶನಿವಾರ ಬೆಳಗಾಯಿತೆಂದರೆ ಬೆಂಗಳೂರಿನ ಕಾರುಗಳು ರಾಜಾಸೀಟಿನ ದಾರಿಯಲ್ಲಿ ಸಾಲುಗಟ್ಟುತ್ತವೆ. ಇತ್ತ ಮತದಾರರ ಪಟ್ಟಿಯಲ್ಲಿ ಹೆಸರಿರುವ ನಮ್ಮ ಮಕ್ಕಳು ಅದೇ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ಕೈಲ್ ಮುಹೂರ್ತದ ಹಬ್ಬಕ್ಕೋ ಪುತ್ತರಿಗೋ ರಾತ್ರಿ ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಕೊಡಗು ಜಿಲ್ಲೆಯ ಜನಸಂಖ್ಯೆ 2001ರಿಂದ 2011ರವರೆಗೆ ಬೆಳೆದದ್ದು ಶೇಕಡಾ ಒಂದರಷ್ಟು ಮಾತ್ರ. 5,54,519 ಜನರ ಈ ಜಿಲ್ಲೆ ಜನಸಂಖ್ಯೆಯಲ್ಲಿ ರಾಜ್ಯದಲ್ಲೇ ಅತಿ ಚಿಕ್ಕದು. ಅದನ್ನು ವಾರಾಂತ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಹೇಳಿ ನೋಡಿ.

ಇದು ಬರಿಯ ತಮಾಷೆಯ ಮಾತಲ್ಲ, ಏಕೆಂದರೆ ಹಣ ತಲೆಯೆಣಿಕೆಯ ಹಿಂದೆ ಹೋಗುತ್ತದೆ. ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ ಹದಿನೈದನೆಯ ಹಣಕಾಸು ಆಯೋಗ ಜನಸಂಖ್ಯೆಗೆ ಶೇಕಡಾ 90, ವಿಸ್ತೀರ್ಣಕ್ಕೆ ಶೇಕಡಾ 10 ತೂಕ ಕೊಟ್ಟಿತು, ಆ ಜನಸಂಖ್ಯೆಯೂ 2011ರದು. ಕೂಟುಹೊಳೆಯಿಂದ ನೀರೆತ್ತುವ ಪಂಪಿಗಾಗಲಿ, ಸೋಮವಾರ ಬೆಳಿಗ್ಗೆ ವಾರಾಂತ್ಯದ ಬಾಟಲಿಗಳನ್ನು ಹೊರುವ ಕಸದ ಗಾಡಿಗಾಗಲಿ ಆ ತೂಕದ ಪರಿಚಯವಿಲ್ಲ. ಊರಿನಲ್ಲಿ ಎಷ್ಟು ಜನರಿದ್ದಾರೆಂದು ನಿಜವಾಗಿ ತಿಳಿಯಬೇಕಾದರೆ ಕಚೇರಿಯ ಕಡತಕ್ಕಿಂತ ಆ ಗಾಡಿಯ ಚಾಲಕರನ್ನು ಕೇಳುವುದು ಲೇಸು.

ಅಂಕಿ ಹಳತಾದದ್ದೂ ಒಂದು ಕಾರಣ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಊರೊಳಗಿನ ಇಂದಿರಾನಗರ, ಚಾಮುಂಡೇಶ್ವರಿನಗರಗಳಲ್ಲೂ ಮನೆಗಳು ಬಿದ್ದವು. ಮನೆ ಕಳೆದುಕೊಂಡ ಕೊಡಗಿನ ಸಂತ್ರಸ್ತರಿಗೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಹೊಸ ಬಡಾವಣೆಗಳಾದವು. ಅವೆಲ್ಲ ನಗರಸಭೆಯ ಗಡಿಯಾಚೆಗಿನವು. 2021ರಲ್ಲಿ ಎಣಿಕೆಯಾಗಿದ್ದರೆ ಇವೆಲ್ಲ ಕಾಗದಕ್ಕೆ ಇಳಿಯುತ್ತಿದ್ದವು. ಕೊರೊನಾದಿಂದಾಗಿ ಅದು ಮುಂದಕ್ಕೆ ಹೋಯಿತು.

ಮುಂದಿನ ತಲೆಯೆಣಿಕೆ 2027ರ ಫೆಬ್ರವರಿಗೆ ನಿಗದಿಯಾಗಿದೆ. ಫೆಬ್ರವರಿಯೆಂದರೆ ನಮ್ಮಲ್ಲಿ ರೊಬಸ್ಟಾ ಕೊಯ್ಲಿನ ಭರಾಟೆ. ಗಣತಿಯ ಮೇಷ್ಟರು ಬಾಗಿಲು ತಟ್ಟಿದಾಗ ಪಕ್ಕದ ಮನೆಯವರು ಕಿಟಕಿಯಿಂದಲೇ ಹೇಳುವ ಉತ್ತರ ಈಗಲೇ ಸಿದ್ಧವಾಗಿದೆ: "ಅವರು ತೋಟಕ್ಕೆ ಹೋಗಿದ್ದಾರೆ ಸಾರ್, ಕತ್ತಲಾದ ಮೇಲೆ ಬನ್ನಿ."