ಮಧ್ಯಮ ಪ್ರಮಾಣದ ಸಿದ್ಧತೆ

ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿಯಿತೆಂದರೆ ಮುಂಬೈ ಮಾಟುಂಗದ ನಮ್ಮವರ ಸೊಸೈಟಿಯಲ್ಲಿ ತುರ್ತು ಮೀಟಿಂಗ್. ಅಜೆಂಡಾ ಒಂದೇ: ಬರಲಿರುವ ಚಂಡಮಾರುತಕ್ಕೆ ಎಷ್ಟು ತಯಾರಾಗಬೇಕು? ಏನೂ ಬೇಡ ಎಂದರೆ ನಾಳೆ ಬೈಗುಳ ತಿನ್ನಬೇಕು, ಪೂರ್ತಿ ಬೇಕು ಎಂದರೆ ಮೇಂಟೆನೆನ್ಸ್ ದುಡ್ಡಿಗೆ ಕೈ ಹಾಕಬೇಕು. ಹಾಗಾಗಿ ಚರ್ಚೆಯೆಲ್ಲ ಆ ‘ಎಷ್ಟು’ ಎಂಬಲ್ಲೇ ಗಿರಕಿ ಹೊಡೆಯುತ್ತದೆ.

“ಎಂತ ಬರುವುದು ಮಾರಾಯ್ರೆ? ನಿಸರ್ಗ ಚಂಡಮಾರುತ ಬರ್ತದೆ ಬರ್ತದೆ ಅಂತ ಟೀವಿಯವರು ಬೊಬ್ಬೆ ಹಾಕಿದ್ದೇ ಬಂತು. ಕಡೆಗೆ ಅಲಿಬಾಗ್ ಕಡೆಗೆ ಹೋಗ್ಲಿಲ್ವಾ?” ಎಂದರು ಚೇರ್ಮನ್ ಶೆಟ್ರು. ಅಂದಿನಿಂದ, ಅಂದರೆ 2020ರ ಜೂನ್ 3ರಿಂದ, ‘ಮುಂಬೈಗೆ ಚಂಡಮಾರುತ ಬರುವುದಿಲ್ಲ’ ಎಂಬುದು ಸೊಸೈಟಿಯ ಅಲಿಖಿತ ಬೈಲಾ. ಮಹಾಲಕ್ಷ್ಮಿ, ಹಾಜಿ ಅಲಿ, ಮಾಹಿಮ್ ದರ್ಗಾ ಎಲ್ಲರೂ ದಡದಲ್ಲಿ ಕಾವಲಿಗಿರುವಾಗ ಬಿರುಗಾಳಿಗೆ ಎಂಟ್ರಿ ಎಲ್ಲಿ? ಹಾಗಿದ್ದರೆ ಹರಿಹರೇಶ್ವರ ದೇವರು ಪಕ್ಕದಲ್ಲೇ ಇದ್ದೂ ಅದೇ ನಿಸರ್ಗಕ್ಕೆ ಶ್ರೀವರ್ಧನದ ಅಡಿಕೆ ತೋಟಗಳು ಅಡ್ಡಡ್ಡ ಮಲಗಿದ್ದು ಹೇಗೆ ಎಂದು ಯಾರೋ ಕೇಳಿದರು. ಅದು ರಾಯಗಡ ಜಿಲ್ಲೆಯ ವಿಷಯ, ಸೊಸೈಟಿಯದ್ದಲ್ಲ ಎಂದು ಸೆಕ್ರೆಟರಿ ರಾಯರು ರೂಲಿಂಗ್ ಕೊಟ್ಟರು.

ಎರಡನೇ ಮಹಡಿಯ ವನಜಕ್ಕ ಸುಮ್ಮನಿರುವವರಲ್ಲ. “2021ರ ಮೇ 17ಕ್ಕೆ ತೌಕ್ತೆ ಕೂಡ ಮುಂಬೈಗೆ ಬರ್ಲಿಲ್ಲ ಶೆಟ್ರೆ, ಸಮುದ್ರದಲ್ಲೇ ದಾಟಿ ಹೋದದ್ದು. ಆದ್ರೂ ಕೊಲಾಬಾದಲ್ಲಿ ಗಂಟೆಗೆ 114 ಕಿಲೋಮೀಟರ್ ಗಾಳಿ ಬೀಸಿತ್ತು. ಸಮುದ್ರದ ತೈಲ ಕೆಲಸಗಾರರಿದ್ದ ಪಿ-305 ಬಾರ್ಜ್ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು.” ಒಂದು ಕ್ಷಣ ಎಲ್ಲರೂ ತೆಪ್ಪಗಾದರು. ಆಮೇಲೆ ರಾಯರು ಮಿನಿಟ್ಸ್ ಪುಸ್ತಕದಲ್ಲಿ ‘ತೌಕ್ತೆ: ಮುಂಬೈ ಪಾರು’ ಎಂದು ಬರೆದುಕೊಂಡರು.

ಹವಾಮಾನ ಇಲಾಖೆ ಪಾಪ, ಅಕ್ಷರ ಓದದವರಿಗೂ ತಿಳಿಯಲಿ ಎಂದು ಬಣ್ಣ ಹಚ್ಚಿ ಹೇಳುತ್ತದೆ. ನಮ್ಮವರಿಗೆ ಕೆಂಪು ಅಂದರೆ ಶಾಲೆಗೆ ರಜೆ, ಕಿತ್ತಳೆ ಅಂದರೆ ವರ್ಕ್ ಫ್ರಮ್ ಹೋಮ್, ಹಳದಿ ಅಂದರೆ ಗೋಳಿಬಜೆ.

ಕಿಟಕಿಗೆ ಟೇಪ್ ಅಂಟಿಸುವ ವಿಷಯಕ್ಕೇ ಮುಕ್ಕಾಲು ಗಂಟೆ ಹೋಯಿತು. ಟೇಪಿನಿಂದ ಗಾಜು ಗಟ್ಟಿಯಾಗುವುದಿಲ್ಲ ಎಂದು ಇಂಜಿನಿಯರ್ ಹುಡುಗನೊಬ್ಬ ಬಾಯಿಬಿಟ್ಟ. ಅಷ್ಟು ತಿಳಿದವನಲ್ಲವೇ, ಟೇಪಿಗೆ ಮೂರು ಕೊಟೇಷನ್ ತರುವ ಕೆಲಸ ಅವನಿಗೇ ಬಿತ್ತು.

ಕೊನೆಗೆ ‘ಮಧ್ಯಮ ಪ್ರಮಾಣದ ಸಿದ್ಧತೆ’ ಮಾಡತಕ್ಕದ್ದು ಎಂಬ ಠರಾವು ಸರ್ವಾನುಮತದಿಂದ ಪಾಸಾಯಿತು. ಹಾಗೆಂದರೇನು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಸರ್ವಾನುಮತ ಎಲ್ಲಿ ಉಳಿಯುತ್ತಿತ್ತು? ನೆಲಮಹಡಿಯವರು ಮನೆಗೆ ಹೋಗಿ ಫ್ರಿಜ್ಜನ್ನು ಇಟ್ಟಿಗೆಯ ಮೇಲೇರಿಸಿದರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಸುರಿದ 944 ಮಿಲಿಮೀಟರ್ ಮಳೆ ಅವರಿಗೆ ಅಂಕಿಯಲ್ಲ, ಅಕ್ಕಿ ಡಬ್ಬದೊಳಗೆ ಹೊಕ್ಕ ಗಟಾರದ ನೀರು. ನಾಲ್ಕನೇ ಮಹಡಿಯವರು ಮರೀನ್ ಡ್ರೈವಿನಲ್ಲಿ ಅಲೆಯ ರೀಲ್ಸ್ ಮಾಡಲು ಪವರ್ ಬ್ಯಾಂಕ್ ಚಾರ್ಜಿಗಿಟ್ಟರು. ಪಕ್ಕದ ಕಿಂಗ್ಸ್ ಸರ್ಕಲ್ಲಿನಲ್ಲಿ ಮೊಣಕಾಲು ಮಟ್ಟ ನೀರು ನಿಂತರೆ ಮರೀನ್ ಡ್ರೈವಿಗೆ ಹೋಗುವುದಾದರೂ ಹೇಗೆ ಎಂಬುದು ಠರಾವಿನಲ್ಲಿಲ್ಲ.

ಉಳಿದದ್ದು ಗೇಟಿನ ಪಕ್ಕದ ಮಳೆಮರ. ಒಂದು ದಪ್ಪ ಕೊಂಬೆ ಬುಡದಲ್ಲೇ ಸೀಳಿ, ಒಳಗಿನ ಬಿಳಿ ತಿರುಳು ಕಾಣುತ್ತಿದೆ. ಕಡಿಸಲು ಪಾಲಿಕೆಯ ಪರವಾನಗಿ ಬೇಕು. ಅರ್ಜಿ ಬರೆದು ರೆಡಿ ಇದೆ, ರಾಯರ ಡ್ರಾವರಿನಲ್ಲಿ. ಸಹಿ ಹಾಕಬೇಕಾದ ಟ್ರೆಜರರ್ ಊರಿಗೆ ಬ್ರಹ್ಮಕಲಶಕ್ಕೆ ಹೋಗಿದ್ದಾರೆ. ಆದರೆ ಕಾರುಗಳಿಗೆ ಸಹಿ ಬೇಡವಲ್ಲ! ಹತ್ತು ನಿಮಿಷದಲ್ಲಿ ಮರದಡಿಯ ಅಷ್ಟೂ ಕಾರು ಹಿಂದಿನ ಕಾಂಪೌಂಡಿಗೆ ಹೋದವು.

ಈಗ ಮರದ ಕೆಳಗೆ ಇರುವುದು ವಾಚ್‌ಮನ್ನನ ತಗಡಿನ ಕ್ಯಾಬಿನ್ ಒಂದೇ. ಅದರ ಬಗ್ಗೆ ಕಮಿಟಿ ಮರೆಯಿತು ಎನ್ನಬೇಡಿ. ಅವನಿಗೊಂದು ಹೊಸ ಟಾರ್ಚ್ ಮಂಜೂರಾಗಿದೆ. ರಾತ್ರಿ ಕೊಂಬೆ ಬಿದ್ದರೆ ತಕ್ಷಣ ಪಾಲಿಕೆಯ ಸಹಾಯವಾಣಿ 1916ಕ್ಕೆ ಫೋನ್ ಮಾಡುವ ಜವಾಬ್ದಾರಿಯೂ ಅವನದೇ.