ಮೊದಲು ಇಳಿದದ್ದು ಶುಕ್ರನ ಮೇಲೆ, ಮಂಗಳನ ಮೇಲಲ್ಲ

ಶುಕ್ರನ ವಿಷಯ ಬಂದರೆ ನನ್ನ ದನಿ ಏರುತ್ತದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಭೌತಶಾಸ್ತ್ರ ಪಾಠ ಹೇಳುತ್ತಲೇ ಕೂದಲು ನೆರೆತವಳು ನಾನು, ಇನ್ನು ಬದಲಾಗುವವಳಲ್ಲ. ಇವತ್ತು ಮಕ್ಕಳ ರಸಪ್ರಶ್ನೆ ಸ್ಪರ್ಧೆಯೊಂದಕ್ಕೆ ಹೋಗಿದ್ದೆ. ಬೇರೊಂದು ಗ್ರಹದ ನೆಲಕ್ಕಿಳಿದು ಮಾಹಿತಿ ಕಳಿಸಿದ ಮೊದಲ ನೌಕೆ ಯಾವುದು ಎಂದು ಕೇಳಿದರು. ಎರಡು ಜಡೆಯ ಹುಡುಗಿಯೊಬ್ಬಳು ತಡವರಿಸದೆ "ವೆನೆರಾ 7" ಎಂದಳು. ತಪ್ಪು ಎಂದುಬಿಟ್ಟರು! ಅವರ ಪ್ರಕಾರ ಸರಿಯುತ್ತರ ವೈಕಿಂಗ್ 1. ಎದ್ದು ನಿಂತು ಆಕ್ಷೇಪಿಸಿದೆ. "ನಮ್ಮ ಹಾಳೆಯಲ್ಲಿ ಹೀಗೇ ಇದೆ" ಎಂದು ಮುಂದಿನ ಪ್ರಶ್ನೆಗೆ ಹೋದರು.

ಅಮೆರಿಕದ ವೈಕಿಂಗ್ 1 ಮಂಗಳನ ಮೇಲೆ ಇಳಿದದ್ದು 1976ರ ಜುಲೈ 20ರಂದು. ಸೋವಿಯತ್ ಒಕ್ಕೂಟದ ವೆನೆರಾ 7 ಶುಕ್ರನ ಮೇಲೆ ಇಳಿದದ್ದು 1970ರ ಡಿಸೆಂಬರ್ 15ರಂದು. ಐದೂವರೆ ವರ್ಷ ಮೊದಲು. ಇದು ಅಭಿಪ್ರಾಯಭೇದದ ವಿಷಯವೇ ಅಲ್ಲ.

ಅಲ್ಲಿಗೆ ತಲುಪಲು ಸೋವಿಯತ್ ಎಂಜಿನಿಯರುಗಳು ಪಟ್ಟ ಪಾಡು ಸಾಮಾನ್ಯದ್ದಲ್ಲ. 1961ರಲ್ಲಿ ಹೊರಟ ವೆನೆರಾ 1 ದಾರಿಯಲ್ಲೇ ಮೂಕವಾಯಿತು. 1966ರ ಮಾರ್ಚ್‌ನಲ್ಲಿ ವೆನೆರಾ 3 ಶುಕ್ರನಿಗೆ ಅಪ್ಪಳಿಸಿತು. ಇನ್ನೊಂದು ಗ್ರಹವನ್ನು ಮುಟ್ಟಿದ ಮೊದಲ ಮಾನವನಿರ್ಮಿತ ವಸ್ತು ಅದೇ, ಆದರೆ ಅಷ್ಟರಲ್ಲಿ ಸಂಪರ್ಕ ಕಡಿದುಹೋಗಿತ್ತು. ಆ ಮೋಡಗಳ ಕೆಳಗೆ ಏನಿದೆ ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ. ಅಮೆರಿಕದ ಮ್ಯಾರಿನರ್ 2 ನೌಕೆ 1962ರಲ್ಲಿ ಪಕ್ಕದಲ್ಲೇ ಹಾದುಹೋಗಿ ಅಲ್ಲಿ ವಿಪರೀತ ಬಿಸಿಯಿದೆ ಎಂದು ಸೂಚಿಸಿತ್ತು. ಆದರೂ ಎಲ್ಲಾದರೂ ನೀರಿದ್ದರೆ ಎಂದು ವೆನೆರಾ 4ನ್ನು ತೇಲುವಂತೆ ಕಟ್ಟಿದರು, ಅದಕ್ಕೊಂದು ಸಕ್ಕರೆಯ ಚಿಲಕ ಇಟ್ಟರು. ನೀರು ತಾಗಿದರೆ ಸಕ್ಕರೆ ಕರಗಬೇಕು, ಆಂಟೆನಾ ಬಿಚ್ಚಿಕೊಳ್ಳಬೇಕು. 1967ರ ಅಕ್ಟೋಬರ್ 18ರಂದು ಅದು 93 ನಿಮಿಷ ಕೆಳಗಿಳಿಯುತ್ತ, ಆ ಗಾಳಿಯಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡೇ ಇದೆ ಎಂದು ತಿಳಿಸಿ, ಇನ್ನೂ ಸುಮಾರು 25 ಕಿಲೋಮೀಟರ್ ಎತ್ತರದಲ್ಲಿರುವಾಗಲೇ ಮೌನವಾಯಿತು. 1969ರಲ್ಲಿ ವೆನೆರಾ 5 ಮತ್ತು 6 ಇನ್ನಷ್ಟು ಗಟ್ಟಿಯಾಗಿ ಹೋದವು. ಅವೂ ನೆಲ ಕಾಣಲಿಲ್ಲ.

ವೆನೆರಾ 7ರ ಇಳಿಯುವ ಕೋಶವನ್ನು ಭೂಮಿಯ ಗಾಳಿಯ ಒತ್ತಡದ 180 ಪಟ್ಟನ್ನು ತಡೆಯುವಂತೆ ಟೈಟೇನಿಯಂನಿಂದ ಮಾಡಿದರು. ವಾತಾವರಣ ಹೊಗುವ ಮೊದಲು ಅದರ ಒಳಭಾಗವನ್ನು ಮೈನಸ್ 8 ಡಿಗ್ರಿಗೆ ತಂಪಾಗಿಸಿದರು. ಇಳಿಯುವಾಗ ಪ್ಯಾರಾಚೂಟ್ ಕೈಕೊಟ್ಟಿತು. ನೌಕೆ ಸೆಕೆಂಡಿಗೆ ಸುಮಾರು 16 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯಿತು, ಸಂಕೇತ ನಿಂತಿತು. ಇದೂ ಹೋಯಿತು ಎಂದುಕೊಂಡರು. ಆಮೇಲೆ ಧ್ವನಿಮುದ್ರಿತ ಟೇಪುಗಳನ್ನು ಜಾಲಾಡಿದಾಗ, ಬಡಿದ ನಂತರದ 23 ನಿಮಿಷಗಳ ಗದ್ದಲದೊಳಗೆ ಹುದುಗಿದ್ದ ಸಂಕೇತ ಸಿಕ್ಕಿತು. ಅದರ ಬಲ ಮೊದಲಿದ್ದದ್ದರ ಶೇಕಡಾ ಒಂದರಷ್ಟು. ನೌಕೆ ಪಕ್ಕಕ್ಕೆ ಒರಗಿ, ಆಂಟೆನಾ ಭೂಮಿಯ ಕಡೆಯಿಂದ ತಿರುಗಿದ್ದಿರಬೇಕು. ಬೇರೆ ಬೇರೆ ಅಳತೆಗಳನ್ನು ಸರದಿಯಂತೆ ಕಳಿಸುವ ಉಪಕರಣ ಸಿಲುಕಿಕೊಂಡಿದ್ದರಿಂದ ತಾಪಮಾನವೊಂದೇ ಬರುತ್ತಿತ್ತು: 475 ಡಿಗ್ರಿ ಸೆಲ್ಸಿಯಸ್. ಆ ಒಂದು ಅಂಕಿಯನ್ನೂ ಇಳಿದ ವೇಗವನ್ನೂ ಹಿಡಿದು ಒತ್ತಡ ಭೂಮಿಯದಕ್ಕಿಂತ ಸುಮಾರು 90 ಪಟ್ಟು ಎಂದು ಲೆಕ್ಕ ಹಾಕಿದರು. ಸತ್ತಿತೆಂದು ಬಿಟ್ಟ ನೌಕೆಯ ಟೇಪನ್ನು ಎಸೆಯದೆ ಮತ್ತೆ ಕೂತು ಕೇಳಿದವರನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ. ಇಂಥವರ ಕೆಲಸವನ್ನು ಒಂದು ಹಾಳೆ ಅಳಿಸಿಹಾಕುವುದೇ?

ವೈಕಿಂಗ್ ವರ್ಷಗಟ್ಟಲೆ ಕೆಲಸ ಮಾಡಿತು, 23 ನಿಮಿಷಕ್ಕೆ ಇಷ್ಟು ಗಲಾಟೆ ಏಕೆ ಎಂದು ಸ್ಪರ್ಧೆ ಮುಗಿದ ಮೇಲೆ ಒಬ್ಬರು ಕೇಳಿದರು. ಸೋವಿಯತ್ತರು ಸೋಲುಗಳನ್ನು ಮುಚ್ಚಿಡುತ್ತಿದ್ದರು ಎಂದೂ ಸೇರಿಸಿದರು. ಮುಚ್ಚಿಟ್ಟದ್ದು ನಿಜ. ಭೂಮಿಯ ಕಕ್ಷೆ ದಾಟಲಾಗದ ನೌಕೆಗಳಿಗೆ ಕಾಸ್ಮಾಸ್ ಎಂಬ ಹೆಸರು ಕೊಟ್ಟು ಸುಮ್ಮನಾಗುತ್ತಿದ್ದರು. ವೆನೆರಾ 7ರ ಜೋಡಿ ನೌಕೆ ಹಾಗೆಯೇ ಕಾಸ್ಮಾಸ್ 359 ಆಯಿತು. ವೈಕಿಂಗ್ ದೊಡ್ಡ ಸಾಧನೆ ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರಶ್ನೆ ಕೇಳಿದ್ದು "ಮೊದಲು" ಯಾರು ಎಂದು, ಹೆಚ್ಚು ಕಾಲ ಬಾಳಿದವರು ಯಾರು ಎಂದಲ್ಲ. ಹೋಗಲಿ, ನೆಲದಿಂದ ಚಿತ್ರ ಕಳಿಸಿದ ಲೆಕ್ಕ ಹಿಡಿದರೂ ಶುಕ್ರನೇ ಮುಂದೆ. 1975ರ ಅಕ್ಟೋಬರ್ 22ರಂದು ವೆನೆರಾ 9 ಬೇರೆ ಗ್ರಹವೊಂದರ ನೆಲದ ಮೊದಲ ಚಿತ್ರ ಕಳಿಸಿತು. ಕತ್ತಲಿರಬಹುದೆಂದು ದೀಪ ಸಮೇತ ಹೋಗಿದ್ದ ನೌಕೆಗೆ ಅಲ್ಲಿ ಕಂಡದ್ದು ಸಾಕಷ್ಟು ಬೆಳಕು, ಚೂಪು ಅಂಚಿನ ಕಲ್ಲುಗಳು. ಅದರ ಎರಡು ಕ್ಯಾಮೆರಾಗಳಲ್ಲಿ ಒಂದರ ಮುಚ್ಚಳ ಕಳಚಲೇ ಇಲ್ಲ. 1978ರಲ್ಲಿ 11 ಮತ್ತು 12ರ ಯಾವ ಮುಚ್ಚಳವೂ ಕಳಚಲಿಲ್ಲ! ಅಷ್ಟು ದೂರ ಹೋಗಿ ಕುರುಡಾಗಿ ಕೂತ ಆ ನೌಕೆಗಳ ಬಗ್ಗೆ ಓದಿದ ದಿನ ನನಗೆ ಊಟ ಸೇರಲಿಲ್ಲ.

ನಾವು, ಅದರಲ್ಲೂ ಬೆಂಗಳೂರಿನವರು, ಇದನ್ನು ಮರೆಯುವುದು ನನಗೆ ಇನ್ನೂ ಹೆಚ್ಚು ನೋವಿನ ಸಂಗತಿ. ಪೀಣ್ಯದಲ್ಲಿ ಯು. ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಹಾರಿಸಿದ್ದು ಸೋವಿಯತ್ ರಾಕೆಟ್. ವೆನೆರಾ 9 ಶುಕ್ರನ ಚಿತ್ರ ಕಳಿಸಿದ್ದೂ ಅದೇ ವರ್ಷ. ಈಗ ನಮ್ಮದೇ ಶುಕ್ರ ಕಕ್ಷೆಗಾಮಿಗೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ. 1236 ಕೋಟಿ ರೂಪಾಯಿ, 2028ರ ಮಾರ್ಚ್‌ನಲ್ಲಿ ಉಡಾವಣೆ ಎಂಬ ಗುರಿ. ಶುಕ್ರನತ್ತ ಹೊರಟವರ ಮಕ್ಕಳಿಗೆ ಅಲ್ಲಿ ಮೊದಲು ಇಳಿದವರ ಹೆಸರು ಹೇಳಲು ಏನು ಕಷ್ಟ?

ಶಿಕ್ಷಕ ಮಿತ್ರರೇ, ಈ ವಾರ ಒಂದು ಅವಧಿ ಇದಕ್ಕಾಗಿ ತೆಗೆದಿಡಿ. 1982ರಲ್ಲಿ ವೆನೆರಾ 13 ಕಳಿಸಿದ ಬಣ್ಣದ ಚಿತ್ರ ತೋರಿಸಿ. 32 ನಿಮಿಷಕ್ಕೆಂದು ಕಟ್ಟಿದ ಆ ನೌಕೆ 127 ನಿಮಿಷ ಬದುಕಿತ್ತು ಎಂದೂ ಹೇಳಿ. ಚಿತ್ರ ನನ್ನ ಬಳಿ ಇದೆ, ಬೇಕಾದವರು ಕೇಳಿ, ಇವತ್ತೇ ಕಳಿಸುತ್ತೇನೆ.