ಸತ್ಯಾಂಶ: ‘ಆರ್‌ಎ ಫ್ಯಾಕ್ಟರ್’ ಒಂದರಿಂದಲೇ ಸಂಧಿವಾತ ನಿರ್ಧಾರವಾಗದು

‘ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದರೆ ರುಮಟಾಯ್ಡ್ ಸಂಧಿವಾತ ಖಚಿತ, ನೆಗೆಟಿವ್ ಬಂದರೆ ಚಿಂತೆಯಿಲ್ಲ, ಮಕ್ಕಳಿಗೂ ಇದೇ ಪರೀಕ್ಷೆ ಸಾಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಮೂರು ಮಾತುಗಳೂ ತಪ್ಪು.

ರುಮಟಾಯ್ಡ್ ಸಂಧಿವಾತವೆಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ; ಆರ್‌ಎ ಫ್ಯಾಕ್ಟರ್ ಎಂಬುದು ರಕ್ತಪರೀಕ್ಷೆಯಲ್ಲಿ ಪತ್ತೆಯಾಗುವ ಒಂದು ಪ್ರತಿಕಾಯ. ಈ ಪ್ರತಿಕಾಯವು ಹೆಪಟೈಟಿಸ್ ಸಿ, ಕ್ಷಯದಂತಹ ಸೋಂಕುಗಳಲ್ಲಿಯೂ, ಕೀಲುನೋವೇ ಇಲ್ಲದ ಕೆಲವು ವೃದ್ಧರಲ್ಲಿಯೂ ಕಂಡುಬರುತ್ತದೆ. ರೋಗವಿರುವ ವಯಸ್ಕರಲ್ಲಿಯೇ ಸುಮಾರು ಶೇ 20ರಿಂದ 30ರಷ್ಟು ಮಂದಿಯಲ್ಲಿ ಅದು ಕಾಣುವುದಿಲ್ಲ. ಇನ್ನೊಂದು ಪ್ರತಿಕಾಯವನ್ನು ಹುಡುಕುವ ಆಂಟಿ-ಸಿಸಿಪಿ ರಕ್ತಪರೀಕ್ಷೆಯ ನಿರ್ದಿಷ್ಟತೆ (ರೋಗವಿಲ್ಲದವರಲ್ಲಿ ನೆಗೆಟಿವ್ ಎಂದೇ ತೋರಿಸುವ ಪ್ರಮಾಣ) ಶೇ 95ರ ಆಸುಪಾಸಿನಲ್ಲಿರುವುದರಿಂದ ಅದು ಹೆಚ್ಚು ನಂಬಲರ್ಹ. ಆದರೆ ಅದು ನೆಗೆಟಿವ್ ಬಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ಇಎಸ್‌ಆರ್ ಮತ್ತು ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳು ದೇಹದಲ್ಲಿ ಉರಿಯೂತವಿದೆ ಎಂದಷ್ಟೇ ತಿಳಿಸುತ್ತವೆ, ಕಾರಣವನ್ನಲ್ಲ.

ಅಮೆರಿಕ ಹಾಗೂ ಯುರೋಪಿನ ತಜ್ಞ ಸಂಸ್ಥೆಗಳು 2010ರಲ್ಲಿ ರೂಪಿಸಿದ ಮಾನದಂಡದಲ್ಲಿ ಒಟ್ಟು 10 ಅಂಕಗಳಿದ್ದು, 6 ಅಥವಾ ಹೆಚ್ಚು ಬಂದರೆ ಮಾತ್ರ ರುಮಟಾಯ್ಡ್ ಸಂಧಿವಾತವೆಂದು ಪರಿಗಣಿಸಲಾಗುತ್ತದೆ. ರಕ್ತದ ವರದಿಗಳೆಲ್ಲವೂ ಸೇರಿ ತಂದುಕೊಡುವುದು ಹೆಚ್ಚೆಂದರೆ 4 ಅಂಕ. ಉಳಿದದ್ದು ಊದಿದ ಅಥವಾ ನೋಯುವ ಕೀಲುಗಳ ಸಂಖ್ಯೆ ಹಾಗೂ ತೊಂದರೆಯ ಅವಧಿಯಿಂದ ಬರಬೇಕು. ಒಂದಾದರೂ ಕೀಲು ಊದಿರದಿದ್ದರೆ ಈ ಲೆಕ್ಕಾಚಾರವೇ ಅನ್ವಯಿಸದು. (ಈ ಮಾನದಂಡ ಮುಖ್ಯವಾಗಿ ಸಂಶೋಧನೆಗೆಂದು ರೂಪುಗೊಂಡದ್ದು, ಅಂತಿಮ ತೀರ್ಮಾನ ವೈದ್ಯರದೇ.)

ಮಕ್ಕಳ ವಿಷಯ ಇನ್ನೂ ಭಿನ್ನ. 16 ವರ್ಷ ತುಂಬುವ ಮೊದಲು ಆರಂಭವಾಗಿ, ಕನಿಷ್ಠ 6 ವಾರ ಉಳಿಯುವ, ಬೇರೆ ಕಾರಣ ಸಿಗದ ಕೀಲೂತವನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎನ್ನುತ್ತಾರೆ. ಈ ಮಕ್ಕಳಲ್ಲಿ ಬಹುಪಾಲು ಮಂದಿಗೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಆಗಿಯೇ ಇರುತ್ತದೆ. ಎಎನ್‌ಎ ಎಂಬ ಮತ್ತೊಂದು ಪ್ರತಿಕಾಯದ ಪರೀಕ್ಷೆ ಮಾಡಿಸುವುದೂ ರೋಗವನ್ನು ಖಚಿತಪಡಿಸಲು ಅಲ್ಲ. ಅದು ಪಾಸಿಟಿವ್ ಇರುವ ಮಕ್ಕಳಲ್ಲಿ ಕಣ್ಣಿನೊಳಗೆ ಸದ್ದಿಲ್ಲದೆ ಉರಿಯೂತವಾಗುವ ಅಪಾಯ ಹೆಚ್ಚಿರುವುದರಿಂದ, ನೇತ್ರತಜ್ಞರ ತಪಾಸಣೆ ಎಷ್ಟು ಬಾರಿ ಬೇಕೆಂದು ನಿರ್ಧರಿಸಲು.